ಸಂಘದ ದೂರವಾಣಿ: ತಂತಿಯೋ, ಅಂತರ್ಜಾಲವೋ?



ಮುಂಗಾರು ಕಾಲದಲ್ಲಿ ಸಹಕಾರ ಸಂಘಕ್ಕೆ ಕರೆಗಳು ಹೆಚ್ಚು. ಬೀಜ ಬಂದಿದೆಯೇ, ಗೊಬ್ಬರ ಇದೆಯೇ ಎಂದು ಎಲ್ಲರೂ ಕೇಳುವವರೇ. ಕಾರ್ಯದರ್ಶಿಗಳು ಒಬ್ಬರೇ. ಉತ್ತರ ಸಿಗದೆ ನಾಲ್ಕು ಮೈಲಿ ನಡೆದು ಬಂದವರು ಬರಿಗೈಯಲ್ಲಿ ಹಿಂತಿರುಗಿದರೆ ಬಿತ್ತನೆಯ ಹದ ಒಂದು ದಿನ ಕಳೆದಂತೆಯೇ. ಆದುದರಿಂದ "ಬೀಜಕ್ಕೆ 1 ಒತ್ತಿ, ಗೊಬ್ಬರಕ್ಕೆ 2 ಒತ್ತಿ" ಎಂದು ತಾನೇ ಉತ್ತರ ಹೇಳುವ ಯಂತ್ರವನ್ನು ಇಡುವುದು ಒಳ್ಳೆಯದು. ಅದನ್ನು ಹಳೆಯ ತಂತಿಗೆ ಜೋಡಿಸಬೇಕೇ, ಅಂತರ್ಜಾಲಕ್ಕೆ ಜೋಡಿಸಬೇಕೇ? ಇದನ್ನು ವಿಚಾರ ಮಾಡೋಣ.

ತಾಮ್ರದ ತಂತಿಗೆ ದೂರವಾಣಿ ಕೇಂದ್ರದ ಬ್ಯಾಟರಿಯಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುತ್ತದೆ. ಊರಿನಲ್ಲಿ ಕರೆಂಟು ಹೋದರೂ ಸಾದಾ ದೂರವಾಣಿ ಮಾತನಾಡುತ್ತದೆ. ಆದರೆ ಉತ್ತರ ಹೇಳುವ ಯಂತ್ರಕ್ಕೆ ಬೇರೆ ಕರೆಂಟು ಬೇಕೆಂಬುದನ್ನು ಮರೆಯಬೇಡಿ. ಒಂದು ತಂತಿಯಲ್ಲಿ ಒಂದು ಸಲಕ್ಕೆ ಒಂದೇ ಕರೆ, ಉಳಿದವರು ಕಾಯಬೇಕು. ಒಟ್ಟಿಗೆ 30 ಕರೆಗಳನ್ನು ಒಯ್ಯುವ ಪಿ.ಆರ್.ಐ. ಎಂಬ ಸಂಪರ್ಕವೂ ಉಂಟು. ಕರೆಗಳಿಲ್ಲದ ತಿಂಗಳಲ್ಲಿಯೂ ಅದರ ಬಾಡಿಗೆ ತಪ್ಪದು.

ಅಂತರ್ಜಾಲದಲ್ಲಿ ಮಾತು ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಮಾತನ್ನು ಕುಗ್ಗಿಸದೆ ಕಳುಹಿಸಿದರೆ ಒಂದು ಕರೆಗೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಸಾಕು. ಹತ್ತು ಕರೆಗಳಿಗೂ ಒಂದು ಮೆಗಾಬಿಟ್ ಮೀರದು. ವೇಗಕ್ಕಿಂತ ಸ್ಥಿರತೆ ಮುಖ್ಯ. ಸಂಪರ್ಕ ತಡವರಿಸಿದರೆ ಮಾತು ಕತ್ತರಿಸುತ್ತದೆ. ಒತ್ತಿದ ಅಂಕಿಯೂ ಯಂತ್ರಕ್ಕೆ ತಿಳಿಯದೆ ಹೋಗಬಹುದು. ಕರೆಂಟು ಹೋದರೆ ರೌಟರ್ ನಿಂತುಹೋಗುತ್ತದೆ. ತಾಮ್ರದ ಬದಲು ಫೈಬರ್ ಎಳೆದಿರುವ ಕಡೆ ಮಾಮೂಲಿ ದೂರವಾಣಿಯ ಪಾಡೂ ಇದೇ. ನಿಮ್ಮ ಊರಿಗೆ ಬಂದಿರುವುದು ಯಾವುದೆಂದು ಮೊದಲು ಕೇಳಿ ತಿಳಿಯಿರಿ.

ಅಂತರ್ಜಾಲದಿಂದ ಒಂದು ದೊಡ್ಡ ಅನುಕೂಲವಿದೆ. ಉತ್ತರ ಹೇಳುವ ಯಂತ್ರವು ಸಂಘದ ಕಚೇರಿಯಲ್ಲೇ ಇರಬೇಕಾಗಿಲ್ಲ. ಕಂಪನಿಯ ಕಂಪ್ಯೂಟರ್ ಕೇಂದ್ರದಲ್ಲಿಯೇ ಇರಬಹುದು. ಆಗ ಊರಿನಲ್ಲಿ ಕತ್ತಲಾದರೂ ಕರೆ ಮಾಡಿದವರಿಗೆ ಉತ್ತರ ಸಿಗುತ್ತದೆ.

ಈಗ ಮಾಡಬೇಕಾದುದಿಷ್ಟು. ಹೆಚ್ಚು ಕರೆ ಬರುವ ದಿನ ಗಂಟೆಗೆ ಎಷ್ಟು ಬಂದವೆಂದು ಬರೆದಿಡಿ. ಒಟ್ಟಿಗೆ ಎರಡು ಕರೆ ಬರುವುದೇ ಅಪರೂಪವಾದರೆ ಒಂದು ತಂತಿ, ಒಂದು ಯು.ಪಿ.ಎಸ್. ಸಾಕು. ನೂಕುನುಗ್ಗಲಿದ್ದರೆ ಹೊರಗಿನ ಕೇಂದ್ರದಲ್ಲಿ ನಡೆಯುವ ಅಂತರ್ಜಾಲದ ಏರ್ಪಾಡು ಮೇಲು. ಸರ್ಕಾರದ ಪರವಾನಗಿ ಪಡೆದ ಕಂಪನಿಯಿಂದಲೇ ಸಂಪರ್ಕ ಪಡೆಯಿರಿ. ವರ್ಷದ ಹಣ ಕಟ್ಟುವ ಮೊದಲು ಕಚೇರಿಯ ಮೇನ್ ಸ್ವಿಚ್ ಆರಿಸಿ, ಹಳೆಯ ಗುಂಡಿ ಫೋನಿನಿಂದ ಕರೆ ಮಾಡಿ, ಅಂಕಿ ಒತ್ತಿ ನೋಡಿ. ಕಾರ್ಯದರ್ಶಿಗಳೊಡನೆ ಮಾತನಾಡಲು ಒಂದು ಅಂಕಿ ಇರಲೇಬೇಕು.

ಕೊನೆಯ ಮಾತು. ಯಂತ್ರ ನಾವು ಹೇಳಿಕೊಟ್ಟದ್ದನ್ನೇ ಹೇಳುತ್ತದೆ. ದಾಸ್ತಾನಿನ ಲೆಕ್ಕವನ್ನು ದಿನವೂ ಬೆಳಿಗ್ಗೆ ಬದಲಾಯಿಸುವವರು ಯಾರೆಂದು ಸಂಘದ ಸಭೆಯಲ್ಲಿ ಇಂದೇ ಗೊತ್ತುಮಾಡಿರಿ.