ಮಿತವೇ ಆರೋಗ್ಯ: ಮಲೆನಾಡಿನ ದಿನಚರಿಯಲ್ಲಿ ಯೋಗ ಮತ್ತು ಆಯುರ್ವೇದ

(ಉಪನ್ಯಾಸದ ಬರಹರೂಪ)



ಜೂನ್ 21ನ್ನು ಅಂತಾರಾಷ್ಟ್ರೀಯ ಯೋಗದಿನವೆಂದು ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ಘೋಷಿಸಿತು. 2015ರಿಂದ ಅದರ ಆಚರಣೆ ನಡೆದುಬಂದಿದೆ. ಮಲೆನಾಡಿನಲ್ಲಿ ಆ ದಿನವೆಂದರೆ ಮೃಗಶಿರಾ ಮಳೆ ಮುಗಿದು ಆರಿದ್ರಾ ಮಳೆ ಹಿಡಿಯುವ ಹೊತ್ತು. ಶಾಲೆಯ ಜಗಲಿಯಲ್ಲಿ ಮಕ್ಕಳು ಸೂರ್ಯನಮಸ್ಕಾರ ಮಾಡುತ್ತಿರುವಾಗ ಹೊರಗೆ ಸೂರ್ಯನ ಸುಳಿವೇ ಇರುವುದಿಲ್ಲ. ಅದೇ ವೇಳೆಯಲ್ಲಿ ಅವರ ತಂದೆತಾಯಿಯರು ಸಸಿಮಡಿಯಲ್ಲಿ, ಅಡಿಕೆ ತೋಟದ ಕಪ್ಪಿನಲ್ಲಿ ಕಂಬಳಿ ಹೊದ್ದು ದುಡಿಯುತ್ತಿರುತ್ತಾರೆ. ಒಂದೇ ಮನೆಯ ಈ ಎರಡು ದೃಶ್ಯಗಳಿಗೆ ಸಂಬಂಧವಿದೆಯೆ ಎಂಬುದು ಕೇಳಬೇಕಾದ ಪ್ರಶ್ನೆ. ಯೋಗವೆಂದರೆ ಚಾಪೆಯ ಮೇಲಿನ ಒಂದು ಗಂಟೆ, ಆಯುರ್ವೇದವೆಂದರೆ ಅಂಗಡಿಯಿಂದ ತಂದ ಬಾಟಲಿ ಎಂದು ತಿಳಿದವರಿಗೆ ಈ ಸಂಬಂಧ ಕಾಣಿಸದು. ಎರಡೂ ಮೂಲದಲ್ಲಿ ದಿನಚರಿಯ ವಿದ್ಯೆಗಳು. ಊಟ, ನಿದ್ದೆ, ಶ್ರಮ, ಉಸಿರು, ಋತು ಇವುಗಳಲ್ಲಿ ಮಿತವನ್ನು ಕಲಿಸುವುದೇ ಅವುಗಳ ಕೂಡುನೆಲೆ. ಆ ಮಿತ ಕಾಡಿನವರೆಗೂ ಚಾಚದಿದ್ದರೆ ಮನೆಯೊಳಗಿನ ಆರೋಗ್ಯವೂ ಉಳಿಯದು.

ಎರಡು ಶಾಸ್ತ್ರ, ಒಂದು ಅಳತೆ

ಈ ಎರಡೂ ಶಾಸ್ತ್ರಗಳು ಆದಿಯಿಂದಲೂ ಒಂದೇ ಆಗಿದ್ದವೆಂದು ಹೇಳುವುದು ಸರಿಯಲ್ಲ. ಪತಂಜಲಿಯ ಯೋಗಸೂತ್ರದ ಗುರಿ ಚಿತ್ತದ ನಿಗ್ರಹ ಮತ್ತು ಕೈವಲ್ಯ. ಅಲ್ಲಿರುವ ಸುಮಾರು 195 ಸೂತ್ರಗಳಲ್ಲಿ ಆಸನವನ್ನು ನೇರವಾಗಿ ವಿವರಿಸುವವು ಮೂರೇ. ಆಯುರ್ವೇದದ ಗುರಿ ಸ್ವಸ್ಥರ ಸ್ವಾಸ್ಥ್ಯವನ್ನು ಕಾಪಾಡುವುದು, ರೋಗಿಯ ರೋಗವನ್ನು ನೀಗುವುದು. ಅದರ ದಿನಚರಿಯಲ್ಲಿ ಬರುವುದು ವ್ಯಾಯಾಮವೇ ಹೊರತು ಆಸನಗಳ ಪಟ್ಟಿಯಲ್ಲ. ಇಂದು ಕಾಣುವ ಆರೋಗ್ಯಯೋಗ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡಿತು. 1924ರಲ್ಲಿ ಲೋಣಾವಳಾದಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗಕ್ರಿಯೆಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸತೊಡಗಿದರು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಅದನ್ನು ಜಗತ್ತಿಗೆ ಒಯ್ದರು.

ಗುರಿ ಬೇರೆಯಾದರೂ ಎರಡೂ ಒಂದು ಕಡೆ ಖಚಿತವಾಗಿ ಕೂಡುತ್ತವೆ. ವಾಗ್ಭಟನ ಅಷ್ಟಾಂಗಹೃದಯವು ಹೊಟ್ಟೆಯನ್ನು ನಾಲ್ಕು ಭಾಗವಾಗಿ ಎಣಿಸುತ್ತದೆ. ಎರಡು ಭಾಗ ಅನ್ನಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಕಾಲು ಭಾಗ ವಾಯುವಿನ ಸಂಚಾರಕ್ಕೆ ಖಾಲಿ. ಹಠಯೋಗಪ್ರದೀಪಿಕೆಯ ಮಿತಾಹಾರದ ವಿವರಣೆಯಲ್ಲಿಯೂ ಕಾಲು ಭಾಗವನ್ನು ಬಿಡಬೇಕೆಂದೇ ಇದೆ. ವೈದ್ಯನೂ ಯೋಗಿಯೂ ಪ್ರತ್ಯೇಕ ದಾರಿಯಲ್ಲಿ ಬಂದು ಒಂದೇ ಅಳತೆಯನ್ನು ತಲುಪಿದ್ದಾರೆ. ಹೊಟ್ಟೆ ಬಿರಿಯುವಂತೆ ಉಂಡವರಿಗೆ ಮುಂದಕ್ಕೆ ಬಾಗುವುದೂ ಆಗದು, ದೀರ್ಘವಾಗಿ ಉಸಿರೆಳೆಯುವುದೂ ಆಗದು. ಹಸಿವರಿತು ಉಣ್ಣುವವರಿಗೆ ಅರ್ಧ ಔಷಧ ಅಲ್ಲಿಯೇ ದೊರೆತಂತೆ.

ದೇಶ, ಕಾಲ ಮತ್ತು ಅಡುಗೆಮನೆ

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಂಗಡಿಸುತ್ತದೆ. ನೀರು, ಮರ, ತಂಪು ಹೆಚ್ಚಿರುವ ನೆಲ ಆನೂಪ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಪಡೆಯುವ ಆಗುಂಬೆಗೂ 500 ಮಿಲಿಮೀಟರಿನ ಆಸುಪಾಸಿನಲ್ಲಿರುವ ಚಳ್ಳಕೆರೆಗೂ ಒಂದೇ ಪಥ್ಯ, ಒಂದೇ ವ್ಯಾಯಾಮ ಹೊಂದದು. ದೂರದರ್ಶನದ ಪರದೆಯಿಂದ ಇಡೀ ದೇಶಕ್ಕೆ ಒಂದೇ ಕ್ರಮವನ್ನು ಬೋಧಿಸುವವರು ಈ ಮೊದಲ ಪಾಠವನ್ನೇ ಮರೆಯುತ್ತಾರೆ.

ಮಳೆಗಾಲದಲ್ಲಿ ಜಠರಾಗ್ನಿ ಕುಂದಿರುತ್ತದೆ ಎಂಬುದು ಋತುಚರ್ಯೆಯ ಮಾತು. ಹಳೆಯ ಧಾನ್ಯ, ಒಗ್ಗರಣೆ ಹಾಕಿದ ತಿಳಿಸಾರು, ಕಾಯಿಸಿದ ನೀರು ಹಿತ. ಮಳೆಗಾಳಿ ಬಲವಾದ ದಿನಗಳಲ್ಲಿ ಹುಳಿ, ಉಪ್ಪು, ಜಿಡ್ಡು ಸೇರಿದ ಹಗುರ ಊಟ ಹಿತ. ಹಗಲುನಿದ್ದೆಯೂ ಅತಿಶ್ರಮವೂ ಹೊಳೆಯ ನೀರೂ ವರ್ಜ್ಯ. ಇದನ್ನು ಓದಿದವರಿಗೆ ಮಲೆನಾಡಿನ ಅಡುಗೆಮನೆ ಕಣ್ಣೆದುರು ಬರುತ್ತದೆ. ಮುರುಗಲ ಸಾರು, ಉಪ್ಪುನೀರಿನ ಮಾವಿನಮಿಡಿಯ ಅಪ್ಪೆಹುಳಿ, ಜೀರಿಗೆ ಕೊತ್ತಂಬರಿಯ ಕಷಾಯ, ಒಂದೆಲಗದ ಅಥವಾ ದೊಡ್ಡಪತ್ರೆಯ ತಂಬುಳಿ ಇವು ಶಾಸ್ತ್ರ ಓದಿ ಮಾಡಿದ ಅಡುಗೆಗಳಲ್ಲ. ನೆಲವನ್ನು ಓದಿ ಮಾಡಿದವು. ಬೇಸಿಗೆಯಲ್ಲಿ ಆಯ್ದು ಒಣಗಿಸಿದ ಕೊಡಸಿಗೆ ಹೂವು ಮಳೆಗಾಲದ ತಂಬುಳಿಗೆ ಬರುತ್ತದೆ. ಅದೇ ಮರವನ್ನು ಕುಟಜವೆಂಬ ಹೆಸರಿನಲ್ಲಿ ಆಯುರ್ವೇದವು ಅತಿಸಾರಕ್ಕೆ ಬಳಸುತ್ತದೆ.

ಈ ಅಡುಗೆಯ ಎಚ್ಚರಿಕೆಗಳೂ ಗಮನಾರ್ಹ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಪತ್ರೊಡೆಗೆ ಹುಣಿಸೆ ಅಥವಾ ವಾಟೆಹುಳಿ ಸೇರಿಸಿ ಚೆನ್ನಾಗಿ ಬೇಯಿಸುವುದು ಆ ತುರಿಕೆಯನ್ನು ಕಳೆಯುವ ಉಪಾಯ. ಕಳಲೆಯಲ್ಲಿ ಸಯನೈಡನ್ನು ಬಿಡುವ ಅಂಶವಿರುವುದರಿಂದಲೇ ಹೆಚ್ಚಿ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಬಳಿಕ ಬೇಯಿಸುವ ಪದ್ಧತಿ ಬಂದಿದೆ. ಆಟಿ ಅಮಾವಾಸ್ಯೆಯಂದು ಕರಾವಳಿಯಲ್ಲಿ ಕುಡಿಯುವ ಹಾಲೆ ತೊಗಟೆಯ ಕಷಾಯಕ್ಕೂ ಇದೇ ಮಾತು. ಮಬ್ಬುಗತ್ತಲಿನಲ್ಲಿ ಕಾಸರಕದ ತೊಗಟೆಯನ್ನು ಹಾಲೆಯೆಂದು ಕೆತ್ತಿ ತಂದರೆ ಪ್ರಾಣಕ್ಕೇ ಅಪಾಯ. ಮರವನ್ನು ಗುರುತಿಸಬಲ್ಲ ಹಿರಿಯರ ಜ್ಞಾನ ಮುಂದಿನ ತಲೆಮಾರಿಗೆ ಇಳಿಯದಿದ್ದರೆ ಪಥ್ಯವೇ ವಿಷವಾಗುತ್ತದೆ.

ದುಡಿಯುವ ದೇಹಕ್ಕೆ ಯೋಗವೇಕೆ?

ದಿನವಿಡೀ ಮೈಮುರಿದು ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಸಹಜವಾಗಿ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ. ಆದರೆ ಶ್ರಮ ಬೇರೆ, ಸಮತೋಲ ಬೇರೆ. ನಾಟಿ ಮಾಡುವವರ ಬೆನ್ನು ತಾಸುಗಟ್ಟಲೆ ಮುಂದಕ್ಕೇ ಬಾಗಿರುತ್ತದೆ. ಕೊನೆಗಾರನ ಭುಜ, ತೊಡೆಗಳ ಮೇಲೆ ಒಂದೇ ಬಗೆಯ ಒತ್ತಡ ಬೀಳುತ್ತದೆ. ಅಡಿಕೆ ಸುಲಿಯುವವರು ಕುಳಿತಲ್ಲೇ ಕುಳಿತಿರುತ್ತಾರೆ. ಇಂಥವರಿಗೆ ಬೇಕಾದುದು ಹೆಚ್ಚಿನ ಶ್ರಮವಲ್ಲ, ವಿರುದ್ಧ ದಿಕ್ಕಿನ ಚಲನೆ ಮತ್ತು ವಿಶ್ರಾಂತಿ. ಬೆನ್ನನ್ನು ಹಿಂದಕ್ಕೆ ಮೃದುವಾಗಿ ಒಯ್ಯುವ ಭುಜಂಗಾಸನ, ನಿಂತು ಕೈ ಮೇಲೆತ್ತಿ ಮೈ ನೀಳಗೊಳಿಸುವ ತಾಡಾಸನ, ಕೊನೆಯಲ್ಲಿ ಶವಾಸನ, ಇಷ್ಟಕ್ಕೆ ಹದಿನೈದು ನಿಮಿಷ ಸಾಕು. ಬೆನ್ನಿನ ತೀವ್ರ ನೋವು, ರಕ್ತದೊತ್ತಡ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಇಲ್ಲಿಯೂ ಅಳತೆಯಿದೆ. ಬಲವಂತರೂ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎನ್ನುತ್ತಾನೆ ವಾಗ್ಭಟ. ಅವನು ಹೇಳುವ ಅನುಕ್ರಮದಲ್ಲಿ ಮೊದಲು ಎಣ್ಣೆಯ ಅಭ್ಯಂಗ, ಅನಂತರ ವ್ಯಾಯಾಮ, ಬಳಿಕ ಹಿಟ್ಟಿನ ಉಜ್ಜುವಿಕೆ, ಕೊನೆಗೆ ಸ್ನಾನ. ನಿತ್ಯ ಪೂರ್ಣ ಅಭ್ಯಂಗ ಆಗದವರು ತಲೆ, ಕಿವಿ, ಪಾದಗಳಿಗಾದರೂ ಎಣ್ಣೆ ಹಚ್ಚಬಹುದು.

ಪ್ರಾಣಾಯಾಮದ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಹೊಗೆ ತುಂಬಿದ ಅಡುಗೆಮನೆಯಲ್ಲಿ, ಅಡಿಕೆ ಬೇಯಿಸುವ ಒಲೆಯ ಮುಂದೆ ದಿನಗಳೆಯುವ ಹೆಣ್ಣುಮಕ್ಕಳಿಗೆ ದೀರ್ಘ ಉಸಿರಾಟವನ್ನು ಬೋಧಿಸುವುದು ಕ್ರೌರ್ಯವಾದೀತು. ಅಲ್ಲಿ ಮೊದಲ ಪ್ರಾಣಾಯಾಮವೆಂದರೆ ಹೊಗೆಕೊಳವೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗವು ರೂಪಿಸಿದ ಅಸ್ತ್ರ ಒಲೆ ಕಟ್ಟಿಗೆಯನ್ನು ಉಳಿಸಿ ಹೊಗೆಯನ್ನು ಹೊರಗೆ ಕಳಿಸಿತು. ಗೋಬರ್ ಅನಿಲವೂ ಅದನ್ನೇ ಮಾಡುತ್ತದೆ. ಮನೆಯವರ ಶ್ವಾಸಕೋಶವನ್ನೂ ಕಾಡಿನ ಕಟ್ಟಿಗೆಯನ್ನೂ ಒಟ್ಟಿಗೆ ಉಳಿಸುವ ಇಂಥ ಕೆಲಸಕ್ಕೆ ಯೋಗವೆಂಬ ಹೆಸರು ಸಲ್ಲುತ್ತದೆ.

ಮಿತಿಯ ಅರಿವು

ಯಾವ ಶಾಸ್ತ್ರಕ್ಕೂ ತನ್ನ ಎಲ್ಲೆಯಿದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಉಣುಗುಗಳ ಮೂಲಕ ಹರಡುವ ಈ ರೋಗಕ್ಕೆ ಕಷಾಯದಿಂದಾಗಲಿ ಆಸನದಿಂದಾಗಲಿ ಪರಿಹಾರವಿಲ್ಲ. ಕಾಡಿಗೆ ಹೋಗುವಾಗ ಡೆಪಾ ತೈಲ ಹಚ್ಚುವುದು, ಮಂಗ ಸತ್ತುದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದು, ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗುವುದು ಇವೇ ದಾರಿ. ಮಳೆಗಾಲದ ಗದ್ದೆಯಲ್ಲಿ ತಗಲುವ ಇಲಿಜ್ವರಕ್ಕೂ ಇದೇ ಎಚ್ಚರ ಬೇಕು.

ಮನೆಮದ್ದಿನಲ್ಲಿಯೂ ಅತಿ ಸಲ್ಲದು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ನಿತ್ಯಪಾನವಾಯಿತು. ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆ ರೋಗಿಗಳು ಸೇವಿಸಿದ ಸಸ್ಯ ಯಾವುದೆಂದು ಪರೀಕ್ಷಿಸಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಯಾರದೇ ಸರಿಯಿರಲಿ, ಪಾಠ ಒಂದೇ: ಔಷಧವು ನಿತ್ಯದ ಆಹಾರವಲ್ಲ. ಸಸ್ಯದ ಗುರುತು, ಪ್ರಮಾಣ, ಅವಧಿ ಮೂರೂ ತಿಳಿದಿರಬೇಕು.

ಬಾಟಲಿಯ ಬೇರು ಎಲ್ಲಿದೆ?

ಆರೋಗ್ಯದ ಹೆಸರಿನ ಪೇಟೆ ಬೆಳೆದಂತೆ ಘಟ್ಟದ ಕಾಡು ಬೋಳಾಗುತ್ತಿದೆ. ಅಶೋಕಾರಿಷ್ಟಕ್ಕೆ ಬೇಕಾದುದು ಅಶೋಕದ ತೊಗಟೆ. ಕಾಂಡದ ಸುತ್ತ ತೊಗಟೆಯನ್ನು ಸುಲಿದರೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವ ದಾರಿ ಕಡಿದು ಮರ ನಿಂತಲ್ಲೇ ಸಾಯುತ್ತದೆ. ಹೊಳೆದಂಡೆಯ ಈ ಮರ ಇಂದು ಅಪಾಯದ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಕೊರತೆ ತುಂಬಲು ಉದ್ಯಾನಗಳಲ್ಲಿ ಕಂಬದಂತೆ ಬೆಳೆಯುವ, ಹೆಸರಿಗೆ ಮಾತ್ರ ಅಶೋಕವಾದ ಬೇರೊಂದು ಮರದ ತೊಗಟೆ ಪೇಟೆಯಲ್ಲಿ ಬೆರೆಯುತ್ತದೆ. ಕಾಡೂ ಕೆಟ್ಟಿತು, ಮದ್ದೂ ಕೆಟ್ಟಿತು. ಮರದರಿಶಿನದ ಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆಬೇರೆ. ಒಂದನ್ನು ಕಡಿದರೆ ಉಳಿದುದು ಬೀಜವಿಲ್ಲದೆ ಬಂಜೆಯಾಗುತ್ತದೆ. ದಶಮೂಲದಲ್ಲಿ ಬಿಲ್ವ, ಶಿವನೆ, ಪಾದರಿ ಮೊದಲಾದ ಐದು ಮರಗಳ ಮತ್ತು ಐದು ಸಣ್ಣ ಗಿಡಗಳ ಬೇರುಗಳಿವೆ. ಎಲೆ ಕೊಯ್ದರೆ ಗಿಡ ಚಿಗುರುತ್ತದೆ, ಬೇರು ಅಗೆದರೆ ಗಿಡ ಮುಗಿಯುತ್ತದೆ.

ಯೋಗದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲನೆಯದಾದ ಯಮದಲ್ಲಿ ಅಹಿಂಸೆಯೂ ಇದೆ, ಅಪರಿಗ್ರಹವೂ ಇದೆ. ತೊಗಟೆ ಸುಲಿದು ಸತ್ತ ಮರದ ಅರಿಷ್ಟ ಕುಡಿದು ಪದ್ಮಾಸನ ಹಾಕಿದರೆ ಯೋಗದ ಮೊದಲ ಮೆಟ್ಟಿಲನ್ನೇ ಹತ್ತಿದಂತಾಗದು. ದಿನಚರಿ ಸರಿಯಿದ್ದಷ್ಟೂ ಔಷಧದ ಅಗತ್ಯ ಕಡಿಮೆ. ಔಷಧದ ಅಗತ್ಯ ಕಡಿಮೆಯಾದಷ್ಟೂ ಕಾಡಿನ ಮೇಲಿನ ಹೊರೆ ಕಡಿಮೆ. ಪರಿಸರ ಚಳವಳಿಗೂ ನಿತ್ಯದ ಆರೋಗ್ಯಕ್ಕೂ ಇರುವ ನಂಟು ಇಷ್ಟು ಸರಳ.

ಉಳಿಸುವ ಯತ್ನಗಳು ನಡೆದಿವೆ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯು ಅರಣ್ಯ ಇಲಾಖೆಯೊಡನೆ ರಾಜ್ಯದಲ್ಲಿ ಔಷಧಿ ಸಸ್ಯಗಳ ಸಂರಕ್ಷಣಾ ಕ್ಷೇತ್ರಗಳನ್ನು ಗುರುತಿಸಿತು. ದೇವಿಮನೆ, ಆಗುಂಬೆ, ಚಾರ್ಮಾಡಿ, ತಲಕಾವೇರಿ ಅವುಗಳಲ್ಲಿ ಸೇರಿವೆ. 2002ರ ಜೈವಿಕ ವೈವಿಧ್ಯ ಕಾಯ್ದೆಯು ಪಂಚಾಯಿತಿ ಮಟ್ಟದ ಸಮಿತಿಗಳಿಗೂ ಜನತಾ ಜೀವವೈವಿಧ್ಯ ದಾಖಲೆಗೂ ಅವಕಾಶ ಕೊಟ್ಟಿತು. ಆದರೆ 2023ರ ತಿದ್ದುಪಡಿಯು ಆಯುಷ್ ವೈದ್ಯರಿಗೂ ಗ್ರಂಥಸ್ಥ ಪಾರಂಪರಿಕ ಜ್ಞಾನವನ್ನು ಬಳಸುವವರಿಗೂ ಲಾಭಹಂಚಿಕೆಯ ಕಟ್ಟುಪಾಡಿನಿಂದ ವಿನಾಯಿತಿ ನೀಡಿತು. ಗಿಡವನ್ನು ಕಾಯ್ದ ಊರಿನ ಪಾಲನ್ನು ಕೇಳುವ ಹೊಣೆ ಇನ್ನು ಗ್ರಾಮಸಭೆಗಳ ಎಚ್ಚರದ ಮೇಲೆಯೇ ಹೆಚ್ಚು ನಿಂತಿದೆ.

ಆಗಬೇಕಾದ ಕೆಲಸ

ಮಾಡಬೇಕಾದುದು ದೊಡ್ಡದೇನಲ್ಲ. ಬಾವಿಕಟ್ಟೆಯ ತೇವದಲ್ಲಿ ಒಂದೆಲಗ, ಹಿತ್ತಿಲಲ್ಲಿ ದೊಡ್ಡಪತ್ರೆ, ಬೇಲಿಯಲ್ಲಿ ಅಮೃತಬಳ್ಳಿ, ತೋಟದಂಚಿನಲ್ಲಿ ಮುರುಗಲು ಮತ್ತು ನೆಲ್ಲಿ ಪ್ರತಿ ಮನೆಯಲ್ಲೂ ಇರಬಹುದು. ಅಶೋಕದ ಬೀಜವನ್ನು ಒಣಗಿಸಿ ಇಟ್ಟರೆ ಅದು ಬಲುಬೇಗ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬಿದ್ದ ಬೀಜವನ್ನು ಆಯ್ದ ಕೂಡಲೇ ಬಿತ್ತಿ, ಮಳೆಗಾಲದಲ್ಲಿ ಹಳ್ಳದ ದಂಡೆಗೆ ಸಸಿ ನೆಡಬೇಕು. ಶಾಲೆಗಳಲ್ಲಿ ಯೋಗದಿನದಂದು ಆಸನಗಳ ಜೊತೆಗೆ ಊರಿನ ನಾಟಿವೈದ್ಯರನ್ನೂ ಹಿರಿಯ ಹೆಂಗಸರನ್ನೂ ಕರೆಸಿ, ಹತ್ತು ಗಿಡಗಳನ್ನಾದರೂ ಮಕ್ಕಳು ಮುಟ್ಟಿ, ಮೂಸಿ ಗುರುತಿಸುವಂತೆ ಮಾಡಬೇಕು. ಆ ಗಿಡಗಳ ಹೆಸರು ಪಂಚಾಯಿತಿಯ ಜೀವವೈವಿಧ್ಯ ದಾಖಲೆಗೆ ಸೇರಬೇಕು. ಕಾಡುತ್ಪನ್ನ ಆಯುವವರು ಎಷ್ಟು ಕೊಯ್ಯಬೇಕು, ಎಷ್ಟು ಬಿಡಬೇಕು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಬೇಕು.

ಹೊಟ್ಟೆಯ ಕಾಲು ಭಾಗವನ್ನು ಖಾಲಿ ಬಿಡಲು ಕಲಿತವರಿಗೆ ಕಾಡಿನ ಪಾಲನ್ನು ಕಾಡಿಗೇ ಬಿಡುವುದು ಕಷ್ಟವಾಗದು. ಆ ಅಭ್ಯಾಸ ಈ ಮಳೆಗಾಲದ ಊಟದಿಂದಲೇ ಆರಂಭವಾಗಲಿ.