ಗುಳೆ ಬಂದ ಮಕ್ಕಳು, ನಮ್ಮ ಶಾಲೆಗಳು

 

ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಹಳೆಯ ವಠಾರ, ಬಂಗಲೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವುದನ್ನು ತಾವೆಲ್ಲ ನೋಡುತ್ತಿದ್ದೀರಿ. ಕಟ್ಟುವವರಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರು ಬಹಳ. ಕಟ್ಟಿದ ಮೇಲೆ ಗೇಟು ಕಾಯುವವರಲ್ಲಿ ನೇಪಾಳದವರೂ ಇದ್ದಾರೆ. ಸರ್ಕಾರಿ ಎಂಜಿನಿಯರ್ ಆಗಿದ್ದಾಗ ಗುತ್ತಿಗೆದಾರರ ಬಿಲ್ಲುಗಳಿಂದ ಕಾರ್ಮಿಕ ಕಲ್ಯಾಣಕ್ಕೆಂದು ಶೇ. 1ರ ಸೆಸ್ ಮುರಿದುಕೊಂಡವನು ನಾನು. ಆ ಕಾರ್ಮಿಕನ ಮಗು ಯಾವ ಶಾಲೆಗೆ ಹೋಗುತ್ತದೆ ಎಂಬ ಕಾಲಂ ಯಾವ ಬಿಲ್ಲಿನಲ್ಲೂ ಇರಲಿಲ್ಲ.

ನಮ್ಮ ಕೆಲವು ಶಾಲೆಗಳಲ್ಲಿ ಈಗ ಆಪ್ತಸಮಾಲೋಚಕರಿದ್ದಾರೆ. ಅವರನ್ನು ಪರೀಕ್ಷೆಯ ಭಯ ಬಿಡಿಸಲು ಮಾತ್ರ ಮೀಸಲಿಡಬಾರದು. ಅವರ ಕೆಲಸ ಕಛೇರಿಯ ಕಿಟಕಿಯಲ್ಲೇ ಶುರುವಾಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಶಾಲೆ ಬಿಟ್ಟಿದ್ದ ಹತ್ತು ವರ್ಷದವನನ್ನು ಒಂದನೆಯ ತರಗತಿಯಲ್ಲಿ ಕೂರಿಸದೆ, ಅವನ ವಯಸ್ಸಿನ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಕಾಯ್ದೆ ‘ಮಗು’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ 6ರಿಂದ 14 ಎಂಬ ವಯಸ್ಸಿದೆ, ಪೌರತ್ವದ ಮಾತಿಲ್ಲ. ನೇಪಾಳಿ ಮಗುವಿಗೆ ಆಧಾರ್ ಕೇಳಿ ಸತಾಯಿಸುವ ಗುಮಾಸ್ತರಿಗೆ ಇದನ್ನು ತೋರಿಸಬೇಕಾದವರು ಸಮಾಲೋಚಕರೇ.

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಮಾತೇ ಆಡದಿರಬಹುದು. ಅದು ದಡ್ಡತನವಲ್ಲ, ಮಗು ಕೇಳಿಸಿಕೊಳ್ಳುತ್ತಿದೆ. ಹಿಂದಿನ ಬೆಂಚಿಗೆ ತಳ್ಳದೆ ಪಕ್ಕದಲ್ಲಿ ಒಬ್ಬ ಗೆಳೆಯನನ್ನು ಕೂರಿಸಿದರೆ ಅರ್ಧ ಕನ್ನಡ ಆಟದ ಬಯಲಿನಲ್ಲೇ ಬರುತ್ತದೆ. ಯಾದಗಿರಿಯ ಮಗುವಿನ ಪಾಡು ಬೇರೆ. ಅದರದು ಕನ್ನಡವೇ. ಆದರೆ ‘ಹೊಂಟೀನ್ರಿ ಸರ’ ಎಂದರೆ ತರಗತಿ ನಗುತ್ತದೆ, ಮರುದಿನದಿಂದ ಮಗು ಬಾಯಿ ತೆರೆಯುವುದಿಲ್ಲ. ಪ್ರಾರ್ಥನೆಗೆ ವಚನ ಹಾಡುವ ಶಾಲೆಯಲ್ಲಿ ಕಲ್ಯಾಣ ಸೀಮೆಯ ಕನ್ನಡಕ್ಕೆ ನಗು! ನನಗೆ ಎಲ್ಲಕ್ಕಿಂತ ನೋವಾಗುವುದು ಇದೇ. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಆದಯ್ಯ ಸೌರಾಷ್ಟ್ರದಿಂದ ಬಂದವರೆಂದು ನಮ್ಮ ಪರಂಪರೆಯೇ ಹೇಳುತ್ತದೆ. ಇಬ್ಬರೂ ವಚನ ಬರೆದದ್ದು ಕನ್ನಡದಲ್ಲಿ.

ಪೋಷಕರ ಸಭೆಯನ್ನು ಬೆಳಿಗ್ಗೆ 11ಕ್ಕೆ ಕರೆದರೆ ತಾಯಿಯ ಅಂದಿನ ಕೂಲಿ ಹೋಯಿತು. ಸಂಜೆ ಏಳಕ್ಕೆ ಕರೆಯಿರಿ, ಇಲ್ಲವೆ ಶೆಡ್ಡಿಗೇ ಹೋಗಿ.

ಇನ್ನೊಂದು ವಿಷಯ, ಇದು ನನ್ನ ಕಸುಬಿನದು. ಮೇಲಿನ ಸ್ಲ್ಯಾಬ್ ಹಾಕಿ ಸೆಂಟ್ರಿಂಗ್ ಬಿಚ್ಚಿದರೆ ಕಾಂಕ್ರೀಟಿನ ತಂಡ ಬೇರೆ ಕಟ್ಟಡಕ್ಕೆ ಹೊರಡುತ್ತದೆ, ಶಾಲೆಗೆ ಹೇಳಿ ಹೋಗುವುದಿಲ್ಲ. ಮೇಸ್ತ್ರಿಯ ಫೋನ್ ನಂಬರ್ ದಾಖಲಾತಿಯ ದಿನವೇ ಬರೆದಿಟ್ಟುಕೊಂಡರೆ ಆ ದಿನ ಮೊದಲೇ ಗೊತ್ತಾಗುತ್ತದೆ. ವರ್ಗಾವಣೆ ಪತ್ರವನ್ನು ಮಗುವಿನ ಕೈಗೇ ಕೊಟ್ಟು ಕಳಿಸಬಹುದು. ಕಟ್ಟಡ ನೋಡಿ ಈ ಲೆಕ್ಕ ಹೇಳಬಲ್ಲ ನಿವೃತ್ತ ಎಂಜಿನಿಯರುಗಳು ನಮ್ಮ ಸಮಾಜದಲ್ಲಿ ಕಡಿಮೆಯೇನಿಲ್ಲ. ಶಾಲೆಗೊಬ್ಬರು ಸಾಕು. ಚಾಮರಾಜಪೇಟೆಯ ಕಡೆಗೆ ನಾನು ಬರುತ್ತೇನೆ.