ಹದಿನಾರನೆಯ ಊಟ

ಕಳೆದ ಬೇಸಗೆಯ ಒಂದು ಮಧ್ಯಾಹ್ನ ತರುಣನೊಬ್ಬ ನಮ್ಮ ಮನೆಗೆ ಬಂದು ಹೋಟೆಲೊಂದರ ರಿಯಾಯಿತಿ ಕಾರ್ಡನ್ನು ಮುಂದಿಟ್ಟನು. ಬೆಲೆ 900 ರೂಪಾಯಿ. ವರ್ಷವಿಡೀ ಬಿಲ್ಲಿನಲ್ಲಿ ನೂರಕ್ಕೆ 10ರಂತೆ ಸೋಡಿ. ನನ್ನ ಮಡದಿಗೆ ಆಸೆಯಾಯಿತು. ಒಲೆಯಿಂದ ಅವಳಿಗೆ ದೊರೆಯುವ ಬಿಡುವೆಂದರೆ ಹೊರಗೆ ಉಣ್ಣುವ ದಿನಗಳೇ ತಾನೆ?

ನಾನು ಕಾಗದ ಹಿಡಿದು ಕುಳಿತೆ. ಇಬ್ಬರ ಊಟಕ್ಕೆ 600 ರೂಪಾಯಿ, ಉಳಿಯುವುದು 60. ಕೊಟ್ಟ ಹಣ ಹುಟ್ಟಬೇಕಾದರೆ 15 ಸಲ ಅಲ್ಲಿಯೇ ಉಣ್ಣಬೇಕು. ಲಾಭವೇನಿದ್ದರೂ ಹದಿನಾರನೆಯ ಊಟದಿಂದ. ಹಿಂದಿನ ವರ್ಷ ನಾವು ಹೊರಗೆ ಉಂಡದ್ದು ಆರೇ ಸಲ, ಅದೂ ಭಾನುವಾರ ಇಲ್ಲವೆ ಹಬ್ಬದಂದು. ಕಾರ್ಡಿನ ಹಿಂಬದಿಯಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ, ಆ ದಿನಗಳನ್ನೇ ಹೊರತುಪಡಿಸಿದ್ದರು!

ಕಾರ್ಡಿದ್ದರೆ ಹೆಚ್ಚು ಸಲ ಹೋಗುವೆವಲ್ಲ ಎನ್ನಬಹುದು. ಮೋಸವಿರುವುದು ಅಲ್ಲಿಯೇ, ಮೋಸವೆಂದರೆ ಕಟುವಾದೀತು, ವ್ಯಾಪಾರವೆನ್ನೋಣ. ಮೊದಲೇ ತೆತ್ತ ಹಣ ಮನಸ್ಸನ್ನು ಕುಟುಕುತ್ತಿರುತ್ತದೆ. 60 ಉಳಿಸುವ ಹಟದಲ್ಲಿ 540 ಕಳೆಯುತ್ತೇವೆ. ದಿನವೂ ಹೋಟೆಲಿನಲ್ಲೇ ಉಣ್ಣುವ ಒಂಟಿ ನೌಕರನ ಮಾತು ಬೇರೆ. ಅವನು ಧಾರಾಳವಾಗಿ ಕೊಳ್ಳಲಿ.

ಮಾರುವವರಿಗೂ ಈ ಲೆಕ್ಕ ಸದಾ ಒಲಿಯದು. 2017ರಲ್ಲಿ ಜೊಮಾಟೊ ಸಂಸ್ಥೆ ನಮ್ಮ ದೇಶದಲ್ಲಿ ‘ಗೋಲ್ಡ್’ ಸದಸ್ಯತ್ವವನ್ನು ತಂದಿತು: ಒಂದು ತಿನಿಸಿಗೆ ಇನ್ನೊಂದು ಪುಕ್ಕಟೆ. 2019ರ ಆಗಸ್ಟಿನಲ್ಲಿ ನೂರಾರು ಹೋಟೆಲುಗಳು ಇಂತಹ ಯೋಜನೆಗಳಿಂದ ಹೊರನಡೆದವು. ಪುಕ್ಕಟೆ ತಟ್ಟೆಯ ಖರ್ಚು ಅವುಗಳ ಮೇಲೆ ಬೀಳುತ್ತಿತ್ತು.

ಕೊಳ್ಳಲಿಲ್ಲ. ಆ 900 ರೂಪಾಯಿಯನ್ನು ಮಡದಿಯ ಕೈಗಿತ್ತೆ. ಅವಳು ಹೇಳಿದ ದಿನ, ಹೇಳಿದ ಹೋಟೆಲಿಗೆ. ತರುಣನು ಮಜ್ಜಿಗೆ ಕುಡಿದು ಎದ್ದವನು ನನ್ನ ಕಾಗದವನ್ನೊಮ್ಮೆ ನೋಡಿದನು.

“ಪಕ್ಕದ ಮನೆಯವರಿಗೆ ಇದನ್ನು ತೋರಿಸಬೇಡಿ, ಸಾರ್” ಎಂದನು.